ಚೀಲದ ಬಾಯಿಯ ಕಾಳು

ನನ್ನ ಭಾವನ ರಕ್ತವನ್ನು ಒಂಬತ್ತು ವರ್ಷ ನಾನೇ ತೆಗೆದೆ. ವರ್ಷಕ್ಕೆ ಎರಡು ಸಲ, ಬಲಗೈಯಲ್ಲಿ, ಮೊಣಕೈ ಮಡಿಕೆಯಲ್ಲಿ ಹಸಿರು ದಾರದ ಹಾಗೆ ಎದ್ದು ಕಾಣುತ್ತಿದ್ದ ಅದೇ ನರದಿಂದ. ನಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದೆ. ಪರೀಕ್ಷೆಯ ದಿನ ಅವರು ಹರಿಹರದಲ್ಲಿ ಪೂಜೆ ಮುಗಿಸಿ, ಏನೂ ತಿನ್ನದೆ, ಮೊದಲ ಬಸ್ಸಿಗೆ ಬಂದು ನಾನು ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

"ಬಾರವ್ವ ಸೊಳ್ಳೆವ್ವ, ಕುಡಿ" ಎಂದು ಅಂಗಿಯ ತೋಳು ಮೇಲೆತ್ತುತ್ತಿದ್ದರು.

"ಸೊಳ್ಳೆ ಕುಡಿದು ಹಾರಿ ಹೋಗ್ತೈತ್ರಿ ಭಾವ. ನಾನು ಕುಡಿದ ಮ್ಯಾಲೆ ಸಹಿ ಹಾಕಿ ಕೊಡ್ತೀನಿ" ಎಂದು ನಾನು ರಬ್ಬರ್ ಪಟ್ಟಿ ಬಿಗಿಯುತ್ತಿದ್ದೆ.

ಒಂಬತ್ತು ವರ್ಷ ಇದೇ ಮಾತು, ಇದೇ ನಗು. ಒಬ್ಬರಿಗೂ ಬೇಸರ ಬರಲಿಲ್ಲ. ಭಾವ ನಾದಿನಿಯರ ಮಧ್ಯೆ ಹಳಸಿದ ಮಾತೂ ನಡೆಯುತ್ತದೆ.

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಅಕ್ಕ ಭಾವ ಇಬ್ಬರೂ ಬಂದು ನನ್ನ ಬಟ್ಟೆಯ ಗಂಟು ಕಟ್ಟಿ ಹರಿಹರಕ್ಕೆ ಕರೆದುಕೊಂಡು ಹೋದರು. ಆಗ ಅವರ ಮಗ ನಾಲ್ಕು ವರ್ಷದವನು. ಅವನು ನನಗೆ ಮಗನೂ ಹೌದು, ತಮ್ಮನೂ ಹೌದು, ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಪಿಯುಸಿ ಆದ ಮೇಲೆ ನನ್ನನ್ನು ಮದುವೆ ಮಾಡಿ ಕಳಿಸಿಬಿಡಿ ಎಂದು ನೆಂಟರು ಹೇಳಿದಾಗ ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ, ಲ್ಯಾಬಿನ ಕೋರ್ಸಿಗೆ ಸೇರಿಸಿದರು. "ಕಾಳು ನೋಡಿ ಗದ್ದೆ ಹೆಂಗೈತೆ ಅಂತ ಹೇಳೋದು ನಾ ಕಲ್ತೀನಿ. ಹನಿ ನೋಡಿ ಮೈ ಹೆಂಗೈತೆ ಅಂತ ಹೇಳೋದು ನೀ ಕಲಿ" ಎಂದರು. ನಾನು ಇವತ್ತು ಉಣ್ಣುತ್ತಿರುವ ಅನ್ನ ಆ ಮಾತಿನದು.

ಭಾವ ಭತ್ತದ ದಲ್ಲಾಳಿ. ಹರಿಹರದಿಂದ ದಿನಾ ಬೆಳಿಗ್ಗೆ ಮಲೆಬೆನ್ನೂರಿಗೆ ಹೋಗುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದ ಭತ್ತವನ್ನು ನೋಡಿ, ಇದು ಇಂಥ ಮಿಲ್ಲಿಗೆ ಸರಿ, ಇದು ಇನ್ನೂ ಹಸಿ ಇದೆ, ಇದರಲ್ಲಿ ಜೊಳ್ಳು ಜಾಸ್ತಿ ಎಂದು ಹೇಳುವುದು ಅವರ ಕೆಲಸ. ಚೂಪು ತುದಿಯ ಒಂದು ಕಬ್ಬಿಣದ ಕೊಳವೆ ಇಟ್ಟುಕೊಂಡಿದ್ದರು. ಅದನ್ನು ಚೀಲಕ್ಕೆ ಚುಚ್ಚಿದರೆ ಕಾಳು ಜಾರಿ ಅಂಗೈಗೆ ಬರುತ್ತದೆ. ಎರಡು ಕಾಳು ಹಲ್ಲಿನ ಮಧ್ಯೆ ಕಟಕ್ ಎನ್ನಿಸಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು.

ಚೀಲ ತುಂಬುವವರು ಒಳ್ಳೆಯ ಒಣ ಕಾಳನ್ನು ಬಾಯಿಯ ಹತ್ತಿರ ಇಟ್ಟಿರುತ್ತಾರೆ, ಹಸಿಯದು ಅಡಿಗೆ. ಹೊಸ ದಲ್ಲಾಳಿಗಳು ನಿಂತಲ್ಲೇ ಮೇಲಿಂದ ಚುಚ್ಚಿ ಮೋಸ ಹೋಗುತ್ತಾರೆ. ಭಾವ ಹಾಗಲ್ಲ. ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಡಿಯ ಮೂಲೆಗೆ ಚುಚ್ಚುತ್ತಿದ್ದರು. "ಚೀಲದ ಬಾಯಾಗಿನ ಕಾಳು ಅಂದ್ರ ಮಾವನ ಮನಿಗೆ ಬಂದ ಹೊಸ ಅಳಿಯ ಇದ್ದಂಗ. ಭಾಳ ಸಂಭಾವಿತ. ಅಡಿಗೆ ಚುಚ್ಚಿ ನೋಡ್ಬೇಕು" ಎನ್ನುತ್ತಿದ್ದರು. ಅಕ್ಕ ಒಳಗಿನಿಂದ, "ನಿಮ್ಮ ಅಡಿ ನಾವು ನೋಡೀವಿ ಬಿಡ್ರಿ" ಎನ್ನುತ್ತಿದ್ದಳು.

ಆದರೆ ಅಕ್ಕ ನಗುತ್ತಿದ್ದುದು ಕಡಿಮೆ. ಅವರ ಮನೆಯ ನಡುಮನೆಯ ಗೋಡೆಯ ಮೇಲೆ ಎರಡು ಫೋಟೋಗಳಿವೆ. ಒಂದು ಭಾವನ ಅಪ್ಪನದು, ಐವತ್ನಾಲ್ಕಕ್ಕೆ ಹೋದರು. ಇನ್ನೊಂದು ಭಾವನ ಅಣ್ಣನದು, ಐವತ್ತೆರಡಕ್ಕೆ. ಇಬ್ಬರೂ ಊಟ ಮಾಡಿ ಎದ್ದವರು, ಮಾತಾಡುತ್ತಾ ಇದ್ದವರು, ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಆ ಮನೆಯ ಗಂಡಸರು ಅರವತ್ತು ಕಾಣುವುದಿಲ್ಲ ಎಂಬ ಮಾತು ಊರಲ್ಲಿತ್ತು. ಅಕ್ಕ ಮದುವೆಯಾಗಿ ಬಂದಾಗ ಗೋಡೆಯ ಮೇಲೆ ಒಂದೇ ಫೋಟೋ ಇತ್ತು. ಎರಡನೆಯದನ್ನು ತಗುಲಿಹಾಕಿದ ದಿನ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಉಳಿದದ್ದನ್ನು ತಾನು ನೋಡಿದೆ ಎಂದು ನನಗೆ ಹೇಳಿದ್ದಳು. ಅವಳಿಗೆ ಬಂಗಾರ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ, ಆ ಜಾಗ ಖಾಲಿ ಇದ್ದರೆ ಸಾಕಾಗಿತ್ತು.

ಭಾವನಿಗೆ ನಲವತ್ತೇಳಾದಾಗ ಅಕ್ಕ ಹಟ ಹಿಡಿದು ಲ್ಯಾಬಿಗೆ ಕರೆತಂದಳು. ಕೆಟ್ಟ ಕೊಬ್ಬು ವಿಪರೀತ ಇತ್ತು. ಎದುರು ರಸ್ತೆಯ ಡಾಕ್ಟ್ರು ಮನೆತನದ ಕತೆ ಕೇಳಿ, ದಿನಾ ಒಂದು ಮಾತ್ರೆ ಬರೆದು, ಇದು ಜೀವ ಇರುವ ತನಕ, ನಡುವೆ ಬಿಡುವ ಹಾಗಿಲ್ಲ ಎಂದರು. ಆ ದಿನದಿಂದ ಅಕ್ಕನ ಮುಖಕ್ಕೆ ಬಣ್ಣ ಬಂತು. ಇಷ್ಟು ವರ್ಷ ವೈರಿ ಯಾರೆಂದೇ ಗೊತ್ತಿಲ್ಲದೆ ಹೆದರಿದ್ದಳು, ಈಗ ಅವನಿಗೊಂದು ಹೆಸರು ಸಿಕ್ಕಿತ್ತು, ಮದ್ದೂ ಸಿಕ್ಕಿತ್ತು.

ರಾತ್ರಿ ನುಂಗಿದರೆ ಮರೆತುಹೋಗುತ್ತದೆ, ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥದ ಜೊತೆ ತೆಗೆದುಕೊಳ್ಳುತ್ತೇನೆ ಎಂದರು ಭಾವ. ಅವರು ಲಿಂಗಪೂಜೆಗೆ ಕೂತಾಗ ಆ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿಂದ ಹೊರಗೆ ಬರುವಾಗ ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದು ಗುಳಿ ಖಾಲಿಯಾದ ಮಾತ್ರೆಯ ಹಾಳೆ. ಅಕ್ಕ ಅದನ್ನು ಇಸಿದುಕೊಂಡು ಕಪಾಟಿನಲ್ಲಿ ಇಡುತ್ತಿದ್ದಳು. ಪೂಜೆಯ ಕೋಣೆಯಲ್ಲಿ ನಡೆದದ್ದನ್ನು ಅನುಮಾನಿಸುವ ಹೆಂಗಸಲ್ಲ ಅವಳು.

ಮುಂದಿನ ಪರೀಕ್ಷೆಯಲ್ಲಿ ಕೊಬ್ಬು ಅರ್ಧಕ್ಕೆ ಇಳಿದಿತ್ತು. ಆ ಹಾಳೆಯ ಕೆಳಗೆ ಸಹಿ ಹಾಕುವಾಗ ನನಗೆ ಆದ ಸಂತೋಷವನ್ನು ನಾನು ಯಾವತ್ತೂ ಮರೆತಿಲ್ಲ. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದೆ ಇಟ್ಟಳು. ಆಮೇಲೆ ಬಂದವೆಲ್ಲ ಅಲ್ಲಿಗೇ ಸೇರಿದವು. ಬಂದ ನೆಂಟರಿಗೆ ಕಾಫಿಯ ಜೊತೆ ರಿಪೋರ್ಟು ತೋರಿಸುತ್ತಿದ್ದಳು.

ನಮ್ಮ ಜನಕ್ಕೆ ಮೈಗಿಂತ ರಿಪೋರ್ಟು ದೊಡ್ಡದು. ಇದನ್ನು ನಾನು ಇಪ್ಪತ್ತು ವರ್ಷ ಸೂಜಿ ಹಿಡಿದು ನೋಡಿ ಹೇಳುತ್ತಿದ್ದೇನೆ. ಪರೀಕ್ಷೆಗೆ ಒಂದು ವಾರ ಇರುವಾಗ ಮಂಡಕ್ಕಿ ಮೆಣಸಿನಕಾಯಿ ಬಿಡುತ್ತಾರೆ, ಬೆಣ್ಣೆ ದೋಸೆ ಹೋಟೆಲಿನ ಮುಂದೆ ಮುಖ ತಿರುಗಿಸಿಕೊಂಡು ನಡೆಯುತ್ತಾರೆ, ಎಂದೂ ಇಲ್ಲದ ವಾಕಿಂಗು ಶುರುವಾಗುತ್ತದೆ. ರಿಪೋರ್ಟು ಕೈಗೆ ಬಂದ ಮೇಲೆ ಲ್ಯಾಬಿನಿಂದ ನೇರ ಆ ಹೋಟೆಲಿಗೇ. "ನಾರ್ಮಲ್ ಐತೆ ಅಲ್ರಿ ಮೇಡಂ, ಇನ್ನ ಮಾತ್ರೆ ಯಾಕ?" ಎಂದು ಕೇಳಿದವರನ್ನು ನಾನು ಲೆಕ್ಕ ಇಟ್ಟಿಲ್ಲ. ಮಾತ್ರೆಯಿಂದಲೇ ನಾರ್ಮಲ್ ಆಗಿರುವುದು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅವರನ್ನು ಕಂಡು ನಗುತ್ತಿದ್ದೆ, ಬಯ್ಯುತ್ತಲೂ ಇದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಊರವರಿಗಾಗಿ ಇರುವ ಗಾದೆ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಹರಿಹರಕ್ಕೆ ಹೋದೆ. ಅಕ್ಕನ ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದರು, ಅವರ ಸಕ್ಕರೆ ನೋಡಬೇಕಿತ್ತು. ಹಾಗಾಗಿ ಸೂಜಿ, ಸೀಸೆ ಎಲ್ಲ ಚೀಲದಲ್ಲಿತ್ತು. ಅಜ್ಜಿಯದು ಮುಗಿಸಿ ಬರುವ ಹೊತ್ತಿಗೆ ಭಾವ ಪೂಜೆ ಮುಗಿಸಿ ಹೊರಗೆ ಬಂದರು, ಇನ್ನೂ ತಿಂಡಿ ತಿಂದಿರಲಿಲ್ಲ. ಅವರ ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು.

"ಕೈ ಕೊಡ್ರಿ ಭಾವ, ಸೊಳ್ಳಿಗೆ ಹಸಿವಾಗೈತೆ" ಎಂದೆ.

"ಈಗ ಬ್ಯಾಡ ಬಿಡು. ದಿನ ಬಂದಾಗ ನಾನೇ ಬರ್ತೀನಲ್ಲ" ಎಂದರು.

"ಯಾಕ, ಅಡಿಗೆ ಚುಚ್ಚಬಾರದೇನು?" ಎಂದೆ. ತಮಾಷೆಗೆ ಅಂದದ್ದು. ದೇವರಾಣೆ, ತಮಾಷೆಗೇ.

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರಿಗೆ ಇಲ್ಲ ಎನ್ನಲಾಗದೆ ಭಾವ ತೋಳು ಮಡಚಿದರು. ಆ ಸಲ ಸೊಳ್ಳೆವ್ವ ಎನ್ನಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ಸೋಮವಾರ ಮಧ್ಯಾಹ್ನ ಯಂತ್ರ ಬರೆದುಕೊಟ್ಟ ಸಂಖ್ಯೆ ನೋಡಿ ಸೀಸೆ ಅದಲುಬದಲಾಗಿದೆ ಎಂದುಕೊಂಡೆ. ಇನ್ನೊಂದು ಸಲ ಹಾಕಿದೆ, ಅದೇ ಬಂತು. ಮೊಟ್ಟಮೊದಲ ದಿನ ಎಷ್ಟಿತ್ತೋ ಅದಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. ಮಾತ್ರೆ ತಿನ್ನುವವರ ರಕ್ತ ಅದಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಇದನ್ನು ತಿಳಿಯಲು ನನಗೆ ಡಾಕ್ಟ್ರು ಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

ಮಂಗಳವಾರ ರಜೆ ಹಾಕಿ ಬೆಳಿಗ್ಗೆ ಹರಿಹರದ ಬಸ್ ಸ್ಟ್ಯಾಂಡಿಗೆ ಹೋಗಿ ಮಲೆಬೆನ್ನೂರಿನ ಬಸ್ಸಿನಲ್ಲಿ ಭಾವನ ಪಕ್ಕ ಕೂತೆ. ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು, ಕಿಟಕಿಯ ಕಡೆ ತಿರುಗಿದರು. ಬಸ್ಸು ಊರು ದಾಟಿ ಗದ್ದೆಗಳ ಮಧ್ಯೆ ಬಂತು.

"ಕಾಲು ನೋವವ್ವ" ಎಂದರು ಕೊನೆಗೆ. "ಆ ಮಾತ್ರೆ ನುಂಗಿದ್ರ ತೊಡಿ, ಮೀನಗಂಡ ಎಲ್ಲ ಹಿಡ್ಕಂತಾವು. ಕುಕ್ಕರುಗಾಲಾಗ ಕೂತ್ರ ಏಳಾಕ ಆಗಲ್ಲ. ಒಂದಿನ ನಾಕು ಮಂದಿ ರೈತರ ಮುಂದ ಚೀಲ ಹಿಡ್ಕಂಡು ಎದ್ದೆ. ನೋಡಿ ನಕ್ಕರು. ಚೀಲದ ಮುಂದ ಕೂಡಾಕ ಬರದ ದಲ್ಲಾಳಿ ಯಾರಿಗೆ ಬೇಕು, ಹೇಳು."

"ಎಷ್ಟು ದಿನದಿಂದ ಬಿಟ್ಟೀರಿ?"

"ಮೊದಲ ವರ್ಷ ತಗಂಡೆ. ಆಮೇಲೆ ಒಂದು ಶ್ರಾವಣದಾಗ, ಹೆಂಗೂ ಒಪ್ಪತ್ತು ಊಟ, ಎಣ್ಣೆ ಜಿಡ್ಡು ಇಲ್ಲ ಅಂತ ಬಿಟ್ಟೆ. ಕಾಲು ಹಗುರ ಆದವು."

"ಮತ್ತೆ ರಿಪೋರ್ಟು?"

ಅವರು ತಲೆ ತಗ್ಗಿಸಿದರು. "ನಿನ್ನತ್ರ ಬರೋಕೆ ಇಪ್ಪತ್ತು ದಿನ ಮುಂಚೆ ಶುರು ಮಾಡ್ತಿದ್ದೆ. ಇಪ್ಪತ್ತು ದಿನ ನೋವು ತಡ್ಕಂತಿದ್ದೆ. ರಿಪೋರ್ಟ್ ಬಂದ ದಿನ ಬಿಡ್ತಿದ್ದೆ. ನಿಮ್ಮಕ್ಕ ಆರು ತಿಂಗಳು ಚೆನ್ನಾಗಿ ನಿದ್ದಿ ಮಾಡ್ತಿದ್ಲು."

ಚೀಲದ ಬಾಯಿಗೆ ಒಳ್ಳೆಯ ಕಾಳು ಇಟ್ಟು ಕೊಡುವವರನ್ನು ಮೂವತ್ತು ವರ್ಷ ಹಿಡಿದುಹಾಕಿದ ಮನುಷ್ಯ ತನ್ನ ಮೈಯನ್ನು ನನಗೆ ಹಾಗೆಯೇ ತುಂಬಿ ಕೊಟ್ಟಿದ್ದರು. ನಾನು ಹೊಸ ದಲ್ಲಾಳಿಯಂತೆ ಮೇಲಿಂದಲೇ ಚುಚ್ಚಿ, ಸಂತೋಷಪಟ್ಟು ಸಹಿ ಹಾಕಿದ್ದೆ. ಸಿಟ್ಟು ಬಂತು. ಅವರ ಮೇಲೆ ಅಲ್ಲ, ಮೊದಲು ನನ್ನ ಮೇಲೆ.

ಕಾಲು ನೋವಿನ ವಿಷಯ ಡಾಕ್ಟ್ರಿಗೆ ಹೇಳಬೇಕಿತ್ತು, ಪ್ರಮಾಣ ಕಡಿಮೆ ಮಾಡುತ್ತಿದ್ದರು, ಬೇರೆ ಮಾತ್ರೆ ಕೊಡುತ್ತಿದ್ದರು, ದಾರಿ ಇಲ್ಲದೆ ಏನಿಲ್ಲ ಎಂದು ನಾನು ಮಲೆಬೆನ್ನೂರು ಬರುವ ತನಕ ಹೇಳಿದೆ. ಅವರು ಹೂಂ ಹೂಂ ಎಂದರು. "ನಾಳೆಯಿಂದ ತಗಂತೀನಿ. ನಿಮ್ಮಕ್ಕಗ ಹೇಳಬ್ಯಾಡ. ಅವಳು ಗ್ವಾಡಿ ನೋಡ್ಕಂತ ಕೂತು ಬಿಡ್ತಾಳೆ" ಎಂದರು.

"ಹೇಳಲ್ಲ. ನೀವು ಕರಡಿಗೆ ಮುಟ್ಟಿ ಹೇಳ್ರಿ, ತಗಂತೀನಿ ಅಂತ."

ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯ ಕಡೆ ಅವರ ಕೈ ಹೋಯಿತು. ಅರ್ಧಕ್ಕೆ ನಿಂತು ವಾಪಸ್ ಬಂತು. "ಲಿಂಗದ ಮ್ಯಾಲೆ ಆಣೆ ಹಾಕಬಾರದವ್ವ" ಎಂದು ಎದ್ದು, ಬಸ್ಸಿನ ಕಂಬಿ ಹಿಡಿದು ಇಳಿಯಲು ಹೋದರು.

ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೂ ಬಾಯಿಗೆ ಬೀಗ ಹಾಕಿಕೊಂಡು ಬಂದೆ. ಎಂಟನೇ ಕ್ಲಾಸಿನ ಹುಡುಗಿಯ ಬಟ್ಟೆಯ ಗಂಟು ಹೊತ್ತವರು ಅವರು. ಅವರನ್ನು ಅಕ್ಕನ ಮುಂದೆ ಕಳ್ಳನ ಹಾಗೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಡಾಕ್ಟ್ರ ಕೋಣೆ ಲ್ಯಾಬಿನ ಎದುರಿಗೇ ಇತ್ತು, ರಸ್ತೆ ದಾಟಿದರೆ ಮುಗಿಯುತ್ತಿತ್ತು. ದಾಟಲಿಲ್ಲ. ಆ ರಿಪೋರ್ಟಿನ ಹಾಳೆಯನ್ನು ನಾಲ್ಕು ತುಂಡು ಮಾಡಿ ಬಸ್ ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿದೆ. ಅಕ್ಕ ಕೇಳಿದ್ದಕ್ಕೆ, "ಚೊಲೋ ಐತೆ" ಎಂದೆ.

ಮೂರು ತಿಂಗಳಾದ ಮೇಲೆ ಭಾವ ಲ್ಯಾಬಿಗೆ ಬಂದರು. ರಿಪೋರ್ಟು ಚೆನ್ನಾಗಿತ್ತು. ದಿನಾ ನುಂಗಿದ್ದರಿಂದ ಚೆನ್ನಾಗಿತ್ತೋ ಇಪ್ಪತ್ತು ದಿನ ನುಂಗಿದ್ದರಿಂದಲೋ ರಕ್ತ ಹೇಳುವುದಿಲ್ಲ. ನಾನು ಅವರ ಮುಖ ನೋಡಿದೆ, ಅವರು ನೀರಿನ ಪಂಪು ಓಡುತ್ತಿದ್ದ ಲ್ಯಾಬಿನ ಹಿತ್ತಲಿನ ಕಡೆ ನೋಡಿದರು. ಕೇಳಲಿಲ್ಲ. ಸಹಿ ಹಾಕಿ ಕೊಟ್ಟೆ. ಆಮೇಲೆಯೂ ಎರಡು ಸಲ ಹಾಗೆಯೇ ಹಾಕಿದೆ.

ಹೋದ ವರ್ಷ ಸುಗ್ಗಿಯ ಹೊತ್ತಿನಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮಲೆಬೆನ್ನೂರಿನಲ್ಲಿ ಭಾವ ಒಂದು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಡಿಗೆ ಕೊಳವೆ ಚುಚ್ಚಿದರು. ಹಾಗೆಯೇ ಹಣೆಯನ್ನು ಚೀಲಕ್ಕೆ ಆನಿಸಿದರು. ಕಾಳಿನ ವಾಸನೆ ನೋಡುತ್ತಿದ್ದಾರೆ ಎಂದುಕೊಂಡು ಅಲ್ಲಿದ್ದ ರೈತರು ಕಾದರಂತೆ. ಎಷ್ಟು ಹೊತ್ತಾದರೂ ತಲೆ ಎತ್ತದಿದ್ದಾಗ ಒಬ್ಬರು ಭುಜ ಮುಟ್ಟಿದರು. ಸಿಕ್ಕ ಗಾಡಿಯಲ್ಲಿ ದಾವಣಗೆರೆಗೆ ತಂದರು. ದಾವಣಗೆರೆಯ ಹೊರಗಿನ ಬಾತಿ ಎಂಬ ಊರು ದಾಟುವಷ್ಟರಲ್ಲಿ ಉಸಿರು ನಿಂತಿತ್ತು ಎಂದು ಜೊತೆಗಿದ್ದವರು ಹೇಳಿದರು. ಅವರಿಗೆ ಐವತ್ತಾರು. ಅಪ್ಪನಿಗಿಂತ ಎರಡು ವರ್ಷ ಹೆಚ್ಚು ಬದುಕಿದರು, ಅಷ್ಟೇ.

ಅಕ್ಕ ನಾನು ಹೆದರಿದ ಹಾಗೆ ಗೋಡೆ ನೋಡುತ್ತಾ ಕೂರಲಿಲ್ಲ. ಅದಕ್ಕಿಂತ ಕಷ್ಟದ್ದೊಂದು ಮಾಡಿದಳು. ಮಾತಾಡಿಸಲು ಬಂದವರಿಗೆಲ್ಲ ದೇವರ ಗೂಡಿನಿಂದ ಪ್ಲಾಸ್ಟಿಕ್ ಕವರು ತಂದು ರಿಪೋರ್ಟು ತೋರಿಸಿದಳು. "ನಾವೇನೂ ಕಡಿಮಿ ಮಾಡ್ಲಿಲ್ರಿ. ಒಂದಿನ ಮಾತ್ರೆ ತಪ್ಪಲಿಲ್ಲ. ನೋಡ್ರಿ, ಎಲ್ಲ ನಾರ್ಮಲ್. ನನ್ನ ತಂಗೀನೇ ಸಹಿ ಹಾಕ್ಯಾಳೆ. ಇಷ್ಟು ಮಾಡಿದ ಮ್ಯಾಲೂ ಶಿವ ಕರ್ಕಂಡ ಅಂದ್ರ ಅದು ನಮ್ಮ ಕೈಯಾಗ ಇರಲಿಲ್ಲ." ಹೇಳುತ್ತಾ ಹೇಳುತ್ತಾ ಅವಳ ಧ್ವನಿ ಗಟ್ಟಿಯಾಗುತ್ತಿತ್ತು. ಆ ಹಾಳೆಗಳ ಮೇಲೆ ಅವಳು ನಿಂತಿದ್ದಳು. ನಾನು ಬಂದವರಿಗೆ ಚಹಾ ಕೊಡುತ್ತಾ ಓಡಾಡಿದೆ.

ಶಿವಗಣಾರಾಧನೆ ಮುಗಿದ ದಿನ ಅಕ್ಕ ಭಾವನ ಕೈಚೀಲ ಕೊಟ್ಟು, "ಭತ್ತ ಐತೆ ನೋಡು ಒಳಗ, ಹುಳ ಬೀಳ್ತಾವೆ, ಖಾಲಿ ಮಾಡು" ಎಂದಳು. ಹಿತ್ತಲಿಗೆ ತೆಗೆದುಕೊಂಡು ಹೋದೆ. ಒಳಗೆ ಮಾದರಿ ಭತ್ತದ ಸಣ್ಣ ಸಣ್ಣ ಬಟ್ಟೆಯ ಗಂಟುಗಳು, ಪ್ರತಿಯೊಂದಕ್ಕೂ ಊರಿನ ಹೆಸರು ಬರೆದ ಚೀಟಿ. ಒಂದಕ್ಕೆ ಚೀಟಿ ಇರಲಿಲ್ಲ. ಬಿಚ್ಚಿದರೆ ಭತ್ತದ ಜೊತೆ ಬಿಳಿಯ ಮಾತ್ರೆಗಳು, ಎರಡು ಹಿಡಿ ಆಗುವಷ್ಟು. ಪೂಜೆಯ ಕೋಣೆಯಲ್ಲಿ ದಿನಾ ಹಾಳೆಯಿಂದ ಒತ್ತಿ ತೆಗೆದು, ಜೇಬಿಗೆ ಹಾಕಿಕೊಂಡು ಬಂದು, ಇಲ್ಲಿ ತುಂಬಿದ್ದರು. ಹಳೆಯವು ಎಲ್ಲಿ ಹೋದವೋ, ಈ ಒಂದು ವರ್ಷದವನ್ನಂತೂ ಎಸೆದಿರಲಿಲ್ಲ. ಯಾಕೆ ಎಸೆಯಲಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಯಾವತ್ತಾದರೂ ತಿನ್ನೋಣ ಎಂದುಕೊಂಡಿದ್ದರೋ ಏನೋ. ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತೆ. ಗಂಟನ್ನು ನನ್ನ ಪರ್ಸಿನಲ್ಲಿ ಇಟ್ಟುಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಪಾಪ ನನ್ನೊಳಗೇ ಕೊಳೆಯುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಮುಗಿಯಲಿಲ್ಲ. ಮೂರನೇ ಫೋಟೋ ತಗುಲಿಹಾಕಿದ ಮೇಲೆ ಅಕ್ಕ ಮಗನನ್ನು ಹಿಡಿದಳು. ಅವನಿಗೀಗ ಮೂವತ್ತೊಂದು. ಅಪ್ಪನ ಕೊಳವೆ ಹಿಡಿದು, ಅಪ್ಪನ ಬಸ್ಸಿನಲ್ಲೇ ಮಲೆಬೆನ್ನೂರಿಗೆ ಹೋಗುತ್ತಾನೆ. ಲ್ಯಾಬಿಗೆ ಬಂದು ತೋಳು ಮಡಚಿದಾಗ ಅದೇ ಜಾಗದಲ್ಲಿ ಅದೇ ಹಸಿರು ದಾರ. ರಿಪೋರ್ಟೂ ಅಪ್ಪನದೇ, ಮೊದಲ ದಿನದ್ದು. ಡಾಕ್ಟ್ರು ಅದೇ ಮಾತ್ರೆ ಬರೆದರು.

ಹರಿಹರದ ಮನೆಯಲ್ಲಿ ಅವನು ಡಾಕ್ಟ್ರ ಚೀಟಿಯನ್ನು ಮಡಚಿ ಕಿಟಕಿಯಲ್ಲಿಟ್ಟ. "ನಾ ತಗಳ್ಳಲ್ಲ ಅವ್ವ. ಅಪ್ಪಾಜಿ ಒಂಬತ್ತು ವರ್ಷ ನುಂಗಿದ್ರು. ಒಂದಿನ ತಪ್ಪಿಸ್ಲಿಲ್ಲ ಅಂತ ನೀನೇ ಹೇಳ್ತಿ. ಏನಾತು? ದುಡ್ಡು ಹೋಗಿದ್ದಷ್ಟೇ ಲಾಭ" ಎಂದ.

ಅಕ್ಕ ಯಾವ ಹಾಳೆಗಳ ಮೇಲೆ ನಿಂತಿದ್ದಳೋ ಅವೇ ಈಗ ಮಗನ ಕೈಯಲ್ಲಿದ್ದವು. ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ ಅವನಿಗೆ" ಎಂದಳು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಅವಳ ಗಂಡ ಎಂಟು ವರ್ಷ ಪೂಜೆಯ ಕೋಣೆಯಿಂದ ಸುಳ್ಳು ಹೊತ್ತು ಹೊರಗೆ ಬಂದ ಎಂದು ಹೇಳಬೇಕು. ಹೇಳದಿದ್ದರೆ ಮಗ. ಅಕ್ಕ ಮೇಲೆದ್ದು ದೇವರ ಗೂಡಿನ ಮುಂದೆ ನಿಂತು, ಇವನ ರಿಪೋರ್ಟು ಚೊಲೋ ಬರುವ ತನಕ ಸಕ್ಕರೆ ಬೆಲ್ಲ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಅಂದಿನಿಂದ ಬರೀ ಕಹಿ ಚಹಾ ಕುಡಿಯುತ್ತಿದ್ದಳು. ಯುಗಾದಿಗೂ ಬೇವು ಮಾತ್ರ ತಿಂದಳು.

ತಡೆಯಲಾಗದೆ ಒಂದು ಭಾನುವಾರ ಮಧ್ಯಾಹ್ನ ಅವನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ಕಲ್ಲಿನ ಮೆಟ್ಟಿಲ ಮೇಲೆ ಕೂರಿಸಿ, ಪರ್ಸಿನಿಂದ ಗಂಟು ತೆಗೆದು ಬಿಚ್ಚಿ, ಒಂದಿಷ್ಟು ಅವನ ಅಂಗೈಗೆ ಸುರಿದೆ. ಎಲ್ಲವನ್ನೂ ಹೇಳಿದೆ. ಶ್ರಾವಣ, ಕಾಲು ನೋವು, ಇಪ್ಪತ್ತು ದಿನ, ಹರಿದ ಹಾಳೆ, ಆಮೇಲೆ ನಾನು ಕಣ್ಣು ಮುಚ್ಚಿ ಹಾಕಿದ ಸಹಿಗಳು.

ಅವನು ಅಪ್ಪನ ಹಾಗೆಯೇ ಹೆಬ್ಬೆರಳಿನಿಂದ ಕಾಳನ್ನೂ ಮಾತ್ರೆಯನ್ನೂ ಬೇರೆ ಮಾಡುತ್ತಾ ಕೂತ. "ನಿನಗ ಎಷ್ಟು ದಿನದಿಂದ ಗೊತ್ತಿತ್ತು ಚಿಕ್ಕಮ್ಮ?" ಎಂದ.

"ಎರಡು ವರ್ಷ ಆಗ್ತಾ ಬಂತು."

"ಅವ್ವಗ?"

"ಗೊತ್ತಿಲ್ಲ."

ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಗಂಟನ್ನು ಮತ್ತೆ ಕಟ್ಟಿ ತನ್ನ ಜೇಬಿಗೆ ಹಾಕಿಕೊಂಡು, "ಅವ್ವಗ ಹೇಳಬ್ಯಾಡ" ಎಂದ. ಬಸ್ಸಿನಲ್ಲಿ ಅವನಪ್ಪ ಹೇಳಿದ್ದೂ ಅದೇ ಮಾತು. ಆದರೂ ವಾಪಸ್ ದಾವಣಗೆರೆಗೆ ಬರುವಾಗ ಎಷ್ಟೋ ತಿಂಗಳಿನ ಮೇಲೆ ನನಗೆ ಒಂದಿಷ್ಟು ಉಸಿರು ಬಂತು. ಮಾತ್ರೆ ಸೋತಿರಲಿಲ್ಲ, ಮಾತ್ರೆ ಹೊಟ್ಟೆಗೇ ಹೋಗಿರಲಿಲ್ಲ ಎಂಬುದು ಅವನಿಗೆ ಗೊತ್ತಾಯಿತಲ್ಲ, ಇನ್ನು ತಿನ್ನುತ್ತಾನೆ ಎಂದುಕೊಂಡೆ. ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ನಂಬುವಷ್ಟು ದಡ್ಡತನ ನಲವತ್ತಕ್ಕೂ ನನ್ನಲ್ಲಿ ಉಳಿದಿತ್ತು.

ಒಂದು ತಿಂಗಳಾದ ಮೇಲೆ ಅವನು ಲ್ಯಾಬಿಗೆ ಬಂದ. ಬೆಳಗಿನ ಜನ ಕರಗಿತ್ತು. ಎದುರಿನ ಸ್ಟೂಲಿನ ಮೇಲೆ ಕೂತು ಕೇಳಿದ:

"ಅಪ್ಪಾಜಿ ಎಷ್ಟು ದಿನ ಮುಂಚೆ ಶುರು ಮಾಡ್ತಿದ್ರು ಅಂದಿ? ಇಪ್ಪತ್ತಾ?"

ನಾನು ತೊಳೆಯುತ್ತಿದ್ದ ಗಾಜಿನ ಪಟ್ಟಿ ಕೆಳಗಿಟ್ಟು ಅವನ ಮುಖ ನೋಡಿದೆ.

"ಹಂಗ ನೋಡಬ್ಯಾಡ ಚಿಕ್ಕಮ್ಮ. ಅವ್ವ ಸಕ್ಕರಿ ಬಿಟ್ಟು ಸೊರಗಿ ಹೋಗ್ಯಾಳೆ. ಒಂದು ಚೊಲೋ ರಿಪೋರ್ಟ್ ಕೈಯಾಗ ಇಟ್ರ ಅವಳು ಉಣ್ತಾಳೆ" ಎಂದ.

"ನಿನ್ನ ಗತಿ ಏನೋ? ಅವ್ವಗ ಬೇಕಾಗಿರೋದು ನೀನು, ಹಾಳೆ ಅಲ್ಲ."

"ದಿನಾ ನುಂಗ್ಕಂತ ಮೂವತ್ತು ವರ್ಷ ಇರಾಕ ನನ್ನ ಕೈಲಾಗಲ್ಲ. ವಾರ ತಗಂಡು ನೋಡಿದೆ, ನನಗೂ ಕಾಲು ಹಿಡ್ಕಂತಾವು. ಇರಲಿ ಬಿಡು. ಆ ಗ್ವಾಡಿ ಮ್ಯಾಲೆ ಹೆಂಗೂ ಇನ್ನೊಂದಕ್ಕ ಜಾಗ ಐತೆ." ಸಿಟ್ಟಿಲ್ಲದೆ, ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದ.

ವಾರಕ್ಕೇ ಬಂದದ್ದು ನಿಜವಾದ ನೋವೋ, ನೋವು ಬರುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೋ ಗೊತ್ತಿಲ್ಲ. ಎದುರು ರಸ್ತೆಗೆ ಹೋಗೋಣ, ಡಾಕ್ಟ್ರಿಗೆ ಹೇಳೋಣ, ಬೇರೆ ಮಾತ್ರೆ ಇದೆ ಎಂದೆ. ಕೈ ಹಿಡಿದು ಎಳೆದೆ. ಏಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡು ಎಂದು ಕೂತ.

ಆಗ ನಾನು ಹೇಳಿದ್ದು ಸುಳ್ಳು. "ಇಪ್ಪತ್ತು ದಿನ ನಿಮ್ಮಪ್ಪಾಜಿಗೆ ಸಾಕಾಗ್ತಿತ್ತು. ನಿನ್ನದು ಜಾಸ್ತಿ ಐತೆ. ಮೂರು ತಿಂಗಳು ಬೇಕು" ಎಂದೆ. ವರ್ಷದಲ್ಲಿ ಎರಡು ಸಲ ಮೂರು ಮೂರು ತಿಂಗಳಾದರೆ ಅರ್ಧ ವರ್ಷವಾದರೂ ಮಾತ್ರೆ ಹೊಟ್ಟೆಗೆ ಹೋಗುತ್ತದೆ ಎಂದು ನನ್ನ ಯೋಚನೆ.

ಅವನು ದಲ್ಲಾಳಿಯ ಮಗ, ತಾನೂ ದಲ್ಲಾಳಿ. ನನ್ನ ಮುಖವನ್ನು ಒಂದು ಕ್ಷಣ ನೋಡಿ ಮುಗುಳ್ನಕ್ಕ. "ಮೂರು ತಿಂಗಳೆಲ್ಲ ಆಗಲ್ಲ. ಇಪ್ಪತ್ತೈದು ದಿನ" ಎಂದ.

"ಎರಡು ತಿಂಗಳು."

"ಒಂದು ತಿಂಗಳು. ಮ್ಯಾಲೆ ಒಂದಿನ ಇಲ್ಲ."

ಕೈ ಮುಂದೆ ಚಾಚಿದ. ಮಲೆಬೆನ್ನೂರಿನಲ್ಲಿ ವ್ಯಾಪಾರ ಕುದುರಿದಾಗ ಹಾಗೆಯೇ ಕೈ ಹಿಡಿಯುತ್ತಾರೆ. ಬಿಟ್ಟರೆ ಅದೂ ಇಲ್ಲ ಎಂದುಕೊಂಡು ನಾನು ಆ ಕೈ ಹಿಡಿದೆ.

ಒಂದು ತಿಂಗಳಿಗೆ ಸರಿಯಾಗಿ ಬಂದು ರಕ್ತ ಕೊಟ್ಟ. ರಿಪೋರ್ಟು ಬಹಳ ಚೆನ್ನಾಗಿತ್ತು. ಸಹಿ ಹಾಕಿದೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು, ಭಾವನ ಹಾಳೆಗಳಿದ್ದ ಅದೇ ಕವರಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಆಮೇಲೆ ಮೂರು ಲೋಟ ಚಹಾ ಮಾಡಿ, ತನ್ನದಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡು, ನನ್ನ ತಲೆ ಸವರಿ, "ನಿನ್ನ ಕೈಗುಣ ಚೊಲೋ ಐತೆ ಬಿಡೇ" ಎಂದಳು. ಅವನು ಗೋಡೆಗೆ ಒರಗಿ, ತೊಡೆಯನ್ನು ಒತ್ತಿಕೊಳ್ಳುತ್ತಾ ಚಹಾ ಕುಡಿಯುತ್ತಿದ್ದ. ನನ್ನ ಕಡೆ ನೋಡಲಿಲ್ಲ.

ಅವನ ಮುಂದಿನ ಪರೀಕ್ಷೆ ಕಾರ್ತಿಕದಲ್ಲಿ. ಅದಕ್ಕೆ ಒಂದು ತಿಂಗಳು ಇರುವಾಗ ಫೋನ್ ಮಾಡಿ, ಶುರು ಮಾಡು ಎಂದು ಅವನಿಗೆ ನೆನಪಿಸುವ ಕೆಲಸ ನನ್ನದು.